ಮೊಮ್ಮಗನ ಹಣೆಗೆ ವೈರಿಲ್ಲದ ಸೆನ್ಸರ್ ಅಂಟಿಸ್ತಾರಂತೆ, ಸೈನ್ ಹಾಕಬಹುದಾ?

ಪ್ರಶ್ನೆ: ಸರ್ ನಮಸ್ಕಾರ. ನಾನು ದಾವಣಗೆರೆ ಕಡೆಯವಳು, ಹೈಸ್ಕೂಲ್ ಟೀಚರ್ ಆಗಿದ್ದೆ, ಈಗ ರಿಟೈರ್ಡ್. ಮಗ ಸೊಸೆ ಅಮೆರಿಕದಲ್ಲಿದಾರೆ. ಸೊಸೆಗೆ 28 ವಾರಕ್ಕೇ ಹೆರಿಗೆ ಆಗಿ ಮೊಮ್ಮಗ ಎನ್‌ಐಸಿಯುನಲ್ಲಿ, ಅಂದ್ರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ ಇದಾನೆ, ಹುಟ್ಟಿದಾಗ 1,060 ಗ್ರಾಂ, ಇವತ್ತಿಗೆ 11 ದಿನ. ಮೆದುಳಿನ ಆಕ್ಸಿಜನ್ ನೋಡೋ ವೈರ್‌ಲೆಸ್ ಸೆನ್ಸರ್ ಟೆಸ್ಟ್ ಮಾಡ್ತಿದೀವಿ, ಈಗಿರೋ ವೈರ್ ಮಾನಿಟರ್ ಜೊತೆಗೇ ಇದನ್ನೂ ನಾಲ್ಕು ಗಂಟೆ ಅಂಟಿಸ್ತೀವಿ, ಒಪ್ಪಿಗೆ ಇದ್ರೆ ಸೈನ್ ಮಾಡಿ ಅಂತ ಫಾರಂ ಕೊಟ್ಟಿದಾರಂತೆ. ಮಗ ಹಾಕ್ತೀನಿ ಅಂತಾನೆ, ನಂಗೆ ಭಯ. ಪ್ರಯೋಗಕ್ಕೆ ನಮ್ಮ ಕೂಸೇ ಬೇಕಿತ್ತಾ? ನೆತ್ತಿಗೆ ಏನಾದ್ರೂ ಆದ್ರೆ? ಮೊನ್ನೆ ವಿಡಿಯೋ ಕಾಲ್‌ನಲ್ಲಿ ನೋಡಿದೆ, ಕಾಲಿನ ಆಕ್ಸಿಜನ್ 94 ಅಂತಿತ್ತು, ತಲೇದು 67 ಅಂತಿತ್ತು, ಎದೆ ಧಸಕ್ ಅಂತು. ಮುಂದಿನ ತಿಂಗಳು ನಾನೂ ಹೋಗ್ತಿದೀನಿ.

ಉತ್ತರ:

ಅಮ್ಮ, ಮೊದಲೇ ಒಂದು ಮಾತು, ನಾನು ಮಕ್ಕಳ ಡಾಕ್ಟರ್ ಅಲ್ಲ. ಎನ್‌ಐಸಿಯುನಲ್ಲಿ ಬಳಸೋ ಮಾನಿಟರ್, ಸೆನ್ಸರ್ ಇವನ್ನೆಲ್ಲ ಟೆಸ್ಟ್ ಮಾಡೋ ಬಯೋಮೆಡಿಕಲ್ ಇಂಜಿನಿಯರ್. ಹಾಗಾಗಿ ಮಗು ಹೇಗಿದೆ, ಏನಾಗುತ್ತೆ ಅಂತ ನಾನು ಹೇಳಕ್ಕಾಗಲ್ಲ, ಅದು ಅಲ್ಲಿನ ಡಾಕ್ಟರಿಗೆ ಬಿಟ್ಟಿದ್ದು. ಸೈನ್ ಹಾಕೋದೂ ಬಿಡೋದೂ ಅಪ್ಪ ಅಮ್ಮಂದು. ಆದ್ರೆ ಆ ಸೆನ್ಸರ್ ಏನು, ಅದನ್ನ ಯಾಕೆ ಹೀಗೆ ಟೆಸ್ಟ್ ಮಾಡ್ತಾರೆ, ಅದ್ರಿಂದ ನಿಮ್ಮ ಕೂಸಿಗೆ ಏನು ಸಿಗುತ್ತೆ ಏನು ಸಿಗಲ್ಲ ಅಂತ ಕೇಳಿದ್ರೆ ಧಾರಾಳವಾಗಿ ಹೇಳ್ತೀನಿ.

ಆ 67ರಿಂದಾನೇ ಶುರು ಮಾಡೋಣ, ಯಾಕಂದ್ರೆ ಅದೊಂದು ಸರಿಯಾಗಿ ಅರ್ಥ ಆದ್ರೆ ನಿಮ್ಮ ಅರ್ಧ ಭಯ ಇಳಿಯುತ್ತೆ.

ಚಿಕ್ಕವರಿದ್ದಾಗ ಕರೆಂಟ್ ಹೋದಾಗ ಟಾರ್ಚ್ ಮೇಲೆ ಅಂಗೈ ಇಟ್ಟು ನೋಡಿರ್ತೀರಲ್ಲ, ಬೆರಳೆಲ್ಲಾ ಕೆಂಪಗೆ ಕಾಣುತ್ತೆ. ಹಸಿರು ನೀಲಿ ಬೆಳಕನ್ನೆಲ್ಲ ರಕ್ತ ಹೀರ್ಕೊಳ್ಳುತ್ತೆ, ಕೆಂಪು ಮಾತ್ರ ಆಚೆ ಬರುತ್ತೆ. ಕೆಂಪಿಗಿಂತ ಸ್ವಲ್ಪ ಆಚೆಗೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಇದ್ಯಲ್ಲ, 700ರಿಂದ 900 ನ್ಯಾನೋಮೀಟರ್ ಆಸುಪಾಸಿಂದು, ಅದು ಚರ್ಮ ಮೂಳೆ ಎಲ್ಲಾ ದಾಟಿ ಇನ್ನೂ ಒಳಕ್ಕೆ ಹೋಗುತ್ತೆ. ಆಕ್ಸಿಜನ್ ಹೊತ್ತಿರೋ ಹಿಮೋಗ್ಲೋಬಿನ್‌ಗೂ ಖಾಲಿ ಹಿಮೋಗ್ಲೋಬಿನ್‌ಗೂ ಬಣ್ಣ ಬೇರೆ, 760ರ ಹತ್ರ ಖಾಲಿದು ಜಾಸ್ತಿ ಹೀರುತ್ತೆ, 800 ದಾಟಿದ ಮೇಲೆ ತುಂಬಿರೋದು ಜಾಸ್ತಿ ಹೀರುತ್ತೆ. ಹಣೆ ಮೇಲೆ ಒಂದು ಕಡೆಯಿಂದ ಬೆಳಕು ಬಿಟ್ಟು ಒಂದೆರಡು ಮೂರು ಸೆಂಟಿಮೀಟರ್ ಪಕ್ಕದಲ್ಲಿ ವಾಪಸ್ ಬಂದಿದ್ದನ್ನ ಹಿಡಿದು ಲೆಕ್ಕ ಹಾಕಿದ್ರೆ ಒಳಗಿನ ರಕ್ತದಲ್ಲಿ ಎಷ್ಟು ಪಾಲು ತುಂಬಿದ್ದು ಅಂತ ಗೊತ್ತಾಗುತ್ತೆ. ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯ ಫ್ರಾನ್ಸ್ ಯೋಬ್ಸಿಸ್ ಅನ್ನೋರು 1977ರಲ್ಲೇ ಇದನ್ನ ತೋರಿಸಿದ್ರು, 1985ರ ಹೊತ್ತಿಗೆ ಅಲ್ಲೇ ದಿನ ತುಂಬದ ಮಕ್ಕಳ ಮೇಲೂ ನೋಡಿದ್ರು. ಅಂದ್ರೆ ಇದು ನಿನ್ನೆ ಮೊನ್ನೆ ಹುಟ್ಟಿದ ಐಡಿಯಾ ಅಲ್ಲ, ವೈರ್ ತೆಗೆದಿರೋದು ಮಾತ್ರ ಹೊಸದು.

ಈಗ 94 ಯಾಕೆ, 67 ಯಾಕೆ. ಕಾಲಿಗೆ ಕಟ್ಟಿರೋದು ಪಲ್ಸ್ ಆಕ್ಸಿಮೀಟರ್, ಕೋವಿಡ್ ಟೈಮಲ್ಲಿ ಮನೆ ಮನೆಗೂ ಬಂತಲ್ಲ, ಅದರದ್ದೇ ಮರಿ. ಜಪಾನಿನ ತಕುವೊ ಅಯೋಯಾಗಿ 1974ರಲ್ಲಿ ಕಂಡುಹಿಡಿದ ಜಾಣತನ ಅದು, ನಾಡಿ ಬಡಿದಾಗ ಏರಿಳಿಯೋ ಬೆಳಕನ್ನ ಮಾತ್ರ ಲೆಕ್ಕಕ್ಕೆ ತಗೊಂಡ್ರೆ ಶುದ್ಧ ರಕ್ತ ಮಾತ್ರ ಸಿಗುತ್ತೆ ಅಂತ. ತಲೆ ಸೆನ್ಸರ್ ಹಾಗಲ್ಲ, ಅದು ನಾಡಿ ನೋಡಲ್ಲ, ಆ ಜಾಗದಲ್ಲಿರೋ ಎಲ್ಲಾ ರಕ್ತಾನೂ ನೋಡುತ್ತೆ, ಅದ್ರಲ್ಲಿ ಮುಕ್ಕಾಲು ಪಾಲು ಮೆದುಳು ಆಕ್ಸಿಜನ್ ತಗೊಂಡು ವಾಪಸ್ ಕಳಿಸ್ತಿರೋ ರಕ್ತ. ನೀವು ದಾವಣಗೆರೆಯವರು, ನಿಮಗೆ ಭದ್ರಾ ನಾಲೆ ಬಿಟ್ಟು ಬೇರೆ ಉದಾಹರಣೆ ಯಾಕೆ ಬೇಕು? ಗೇಟ್ ಹತ್ರ ಎಷ್ಟು ನೀರು ಬಿಟ್ರು ಅನ್ನೋದು ಕಾಲಿನ 94. ಎಲ್ಲರ ಗದ್ದೆಗೂ ಉಂಡ ಮೇಲೆ ಕೊನೆ ಭಾಗದವರಿಗೆ ಎಷ್ಟು ಉಳೀತು ಅನ್ನೋದು ತಲೆಯ 67. ಉಳಿಕೆ 67 ಇದೆ ಅಂದ್ರೆ ಮೇಲಿನ ಗದ್ದೆಗಳು ಉಂಡಿವೆ, ಇನ್ನೂ ಮಿಕ್ಕಿದೆ ಅಂತ. ದಿನ ತುಂಬದ ಮಕ್ಕಳಲ್ಲಿ ಅರವತ್ತು ಎಪ್ಪತ್ತರ ಆಸುಪಾಸಿನ ನಂಬರ್ ಮಾಮೂಲಿ, ಯುರೋಪಿನಲ್ಲಿ ನಡೆದ ದೊಡ್ಡ ಸ್ಟಡಿಯೊಂದ್ರಲ್ಲಿ 55ಕ್ಕಿಂತ ಕೆಳಗೆ ಹೋದಾಗ ಅಥವಾ 85ಕ್ಕಿಂತ ಮೇಲೆ ಹೋದಾಗ ಗಮನ ಕೊಡಿ ಅಂತ ಗೆರೆ ಹಾಕಿದ್ರು. ಆ ಸ್ಟಡಿ ಕಥೆ ಆಮೇಲೆ ಹೇಳ್ತೀನಿ, ಅಲ್ಲೇ ಇರೋದು ಅಸಲಿ ವಿಷಯ.

ನಾಲೆ ಉದಾಹರಣೆ ಇನ್ನೊಂಚೂರು ಎಳೀತೀನಿ. ಗೇಟ್‌ನಲ್ಲಿ ನೀರು ಸರಿಯಾಗೇ ಬಿಟ್ಟಿದ್ರೂ ಕೊನೆ ಭಾಗ ಒಣಗೋದುಂಟಲ್ಲ, ನಡುವೆ ಎಲ್ಲೋ ನಾಲೆ ಕಿರಿದಾಗಿದೆ ಅಂತ ತಾನೇ? ಮಗೂಲೂ ಹಾಗೇ. ವೆಂಟಿಲೇಟರ್ ಸ್ವಲ್ಪ ಜೋರಾಗಿ ಉಸಿರಾಡಿಸಿದ್ರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತೆ, ಅದು ಇಳಿದ್ರೆ ಮೆದುಳಿನ ರಕ್ತನಾಳ ಸಂಕುಚಿತ ಆಗುತ್ತೆ, ಆಗ ಕಾಲಲ್ಲಿ 96 ತೋರಿಸ್ತಾ ಇದ್ರೂ ತಲೇಲಿ ನಂಬರ್ ಜಾರ್ತಾ ಹೋಗುತ್ತೆ. ವೆಂಟಿಲೇಟರ್ ಸೆಟ್ಟಿಂಗ್ ತಗ್ಗಿಸಿದ್ರೆ ವಾಪಸ್ ಬರುತ್ತೆ. ಹಾಗೇ ರಕ್ತ ಕಮ್ಮಿ ಆಗಿದ್ರೆ, ಬಿಪಿ ಬಿದ್ರೆ, ಹೃದಯದ ಹತ್ರ ಹುಟ್ಟಿದ ಮೇಲೆ ಮುಚ್ಚಬೇಕಾದ ನಾಳ ಮುಚ್ಚದೇ ಇದ್ರೆ, ಇವೆಲ್ಲಾ ಕಾಲಿನ ಸೆನ್ಸರ್‌ಗೆ ಗೊತ್ತೇ ಆಗದೇ ಇರಬಹುದು. ತಲೆ ಸೆನ್ಸರ್ ಬೇಕು ಅನ್ನೋದಕ್ಕೆ ಕಾರಣ ಇದೇ.

ಇನ್ನು ಟೆಸ್ಟಿಂಗ್. ಪ್ರಯೋಗಕ್ಕೆ ನಮ್ಮ ಕೂಸೇ ಬೇಕಿತ್ತಾ ಅಂದ್ರಲ್ಲ, ಕೂಸಿನ ಹಣೆಗೆ ಬರೋ ಮುಂಚೆ ಇದು ಎಲ್ಲೆಲ್ಲಿ ಹಾದು ಬಂದಿರುತ್ತೆ ಅಂತ ನೋಡಿ. ಮೊದಲನೇ ಮಗು ನಮ್ಮ ಲ್ಯಾಬಿನಲ್ಲಿರೋ ಒಂದು ಕಪ್ಪು ಡಬ್ಬಿ, ನಗಬೇಡಿ. ಪಕ್ಕದಲ್ಲಿ ಸಿಲಿಕೋನ್ ಕಿಟಕಿ ಇರುತ್ತೆ, ಅದೇ ಮಗುವಿನ ತಲೆಬುರುಡೆ. ಒಳಗೆ ಬೆಚ್ಚಗಿನ ಉಪ್ಪುನೀರು, ಅದಕ್ಕೆ ಇಂಟ್ರಾಲಿಪಿಡ್ ಹಾಕ್ತೀವಿ, ಎನ್‌ಐಸಿಯುನಲ್ಲಿ ಹಾಲು ಕುಡಿಯಕ್ಕಾಗದ ಮಕ್ಕಳಿಗೆ ರಕ್ತನಾಳದಲ್ಲಿ ಕೊಡೋ ಬೆಳ್ಳಗಿನ ಕೊಬ್ಬಿನ ದ್ರವ ಅದು, ಮೆದುಳು ಬೆಳಕನ್ನ ಚದುರಿಸೋ ಥರಾನೇ ಇದೂ ಚದುರಿಸುತ್ತೆ. ಅದಕ್ಕೆ ಬ್ಲಡ್ ಬ್ಯಾಂಕಿಂದ ಬಂದ ಸ್ವಲ್ಪ ರಕ್ತ. ಬೀಟ್‌ರೂಟ್ ಮೊಸರುಬಜ್ಜಿ ನೀರು ಬಿಟ್ಕೊಂಡ ಬಣ್ಣ ಬರುತ್ತೆ. ಆಕ್ಸಿಜನ್ ಬುಳುಬುಳು ಅಂತ ಬಿಟ್ರೆ ನೂರರ ಹತ್ರ ಹೋಗುತ್ತೆ. ಆಮೇಲೆ ಏನು ಹಾಕ್ತೀವಿ ಗೊತ್ತಾ, ಬ್ರೆಡ್‌ಗೆ ಹಾಕೋ ಯೀಸ್ಟ್! ಯೀಸ್ಟ್‌ಗೂ ಜೀವ ಇದೆ, ಅದೂ ಉಸಿರಾಡುತ್ತೆ, ನೀರಿನ ಆಕ್ಸಿಜನ್ ತಿಂತಾ ತಿಂತಾ ರಕ್ತದಿಂದಾನೂ ಎಳ್ಕೊಳ್ಳುತ್ತೆ, ಕಣ್ಣೆದುರೇ ಗುಲಾಬಿ ಬಣ್ಣ ನೇರಳೆ ಕಡೆ ತಿರುಗುತ್ತೆ, ಸೆನ್ಸರ್ 90, 80, 60, 40 ಅಂತ ಇಳೀತಾ ಬರುತ್ತೆ. ಪೂರ್ತಿ ಇಳಿದ ಮೇಲೆ ಮತ್ತೆ ಆಕ್ಸಿಜನ್ ಬಿಟ್ಟು ಏರಿಸ್ತೀವಿ. ಹಳೇ ವೈರ್ ಸೆನ್ಸರು, ಹೊಸ ವೈರ್‌ಲೆಸ್ ಸೆನ್ಸರು ಎರಡೂ ಒಂದೇ ಡಬ್ಬಿಗೆ ಅಂಟಿರುತ್ತೆ, ಯಾರು ಎಷ್ಟು ಹೇಳಿದ್ರು ಅಂತ ಸೆಕೆಂಡ್ ಸೆಕೆಂಡಿಗೂ ಬರ್ಕೊಳ್ಳೋದು. ಒಂದು ರೌಂಡ್ ಮುಗಿಯೋ ಹೊತ್ತಿಗೆ ಲ್ಯಾಬೆಲ್ಲಾ ದೋಸೆಹಿಟ್ಟು ಹುಳಿ ಬಂದ ವಾಸನೆ.

ಡಬ್ಬಿ ಆದ ಮೇಲೆ ದೊಡ್ಡವರು. ಆರೋಗ್ಯವಂತ ವಾಲಂಟಿಯರ್‌ಗಳಿಗೆ ಕಮ್ಮಿ ಆಕ್ಸಿಜನ್ ಇರೋ ಗಾಳಿ ಕೊಟ್ಟು ಕುತ್ತಿಗೆಯ ದೊಡ್ಡ ಸಿರೆಯಿಂದ ರಕ್ತ ತೆಗೆದು ಸೆನ್ಸರ್ ನಂಬರ್‌ಗೆ ಹೋಲಿಸೋದು. ಒಂದು ಕೆಜಿ ಕೂಸಿಗೆ ಹಾಗೆಲ್ಲಾ ಮಾಡಕ್ಕಾಗುತ್ತಾ, ಯಾರೂ ಮಾಡಲ್ಲ, ಮಾಡಬಾರ್ದು. ಅದಕ್ಕೇ ಮಕ್ಕಳಲ್ಲಿ ಉಳಿಯೋ ದಾರಿ ಒಂದೇ, ಈಗಾಗಲೇ ಒಪ್ಪಿಗೆ ಸಿಕ್ಕಿ ಬಳಕೇಲಿರೋ ವೈರ್ ಮಾನಿಟರ್ ಪಕ್ಕದಲ್ಲೇ ಹೊಸದನ್ನೂ ಅಂಟಿಸಿ ಎರಡೂ ಒಂದೇ ಮಾತು ಹೇಳ್ತಾವಾ ಅಂತ ನೋಡೋದು. ನಿಮ್ಮ ಮಗನಿಗೆ ಕೊಟ್ಟಿರೋ ಫಾರಂ ಇದಕ್ಕೇ, ನೀವು ಬರೆದಿದ್ದು ನೋಡಿದ್ರೆ. ಇದ್ರಲ್ಲಿ ಡಾಕ್ಟರ್ ಮಗುವಿನ ಚಿಕಿತ್ಸೆಯನ್ನ ಹಳೇ ಮಾನಿಟರ್ ನೋಡ್ಕೊಂಡೇ ಮಾಡ್ತಾರೆ, ಹೊಸದರ ನಂಬರ್ ಸುಮ್ನೆ ರೆಕಾರ್ಡ್ ಆಗ್ತಾ ಇರುತ್ತೆ ಅಷ್ಟೇ. ಹಾಗೇನಾ ಅಂತ ಒಂದ್ಸಲ ಕೇಳಿ ಖಾತ್ರಿ ಮಾಡ್ಕೊಳ್ಳಿ. ಹೊಸದನ್ನ ನೋಡಿ ಚಿಕಿತ್ಸೆ ಬದಲಿಸ್ತೀವಿ ಅಂದ್ರೆ ಅದು ಬೇರೇನೇ ಥರದ ಸ್ಟಡಿ, ಅದಕ್ಕೆ ಬೇರೆ ಪ್ರಶ್ನೆ ಕೇಳಬೇಕು.

ಇಲ್ಲೊಂದು ತಲೆನೋವಿದೆ. ತಲೆ ಸೆನ್ಸರ್‌ಗಳು ಒಂದೊಂದು ಅಂಗಡಿ ತಕ್ಕಡಿ ಇದ್ದ ಹಾಗೆ. ಒಂದೇ ಕಂಪನಿಯ ದೊಡ್ಡವರ ಸೆನ್ಸರು, ಹಸುಗೂಸಿನ ಸೆನ್ಸರು ಎರಡನ್ನೂ ಅದೇ ಮಗೂಗೆ ಹಾಕಿದ್ರೆ ಹಸುಗೂಸಿಂದು ಹತ್ತು ಪಾಯಿಂಟ್ ಹತ್ರ ಜಾಸ್ತಿ ತೋರಿಸೋದು ಗೊತ್ತಿರೋ ವಿಷಯ. ಅದೇ ಸೆನ್ಸರ್ ಕಿತ್ತು ಅರ್ಧ ಇಂಚು ಪಕ್ಕಕ್ಕೆ ಅಂಟಿಸಿದ್ರೂ ನಂಬರ್ ಅಲ್ಲಾಡುತ್ತೆ. ಕೂದಲು ಅಡ್ಡ ಬಂದ್ರೆ, ಹೆರಿಗೇಲಿ ತಲೆ ಊದಿ ಒಳಗೆ ರಕ್ತ ಕಟ್ಟಿದ್ರೆ, ಕಾಮಾಲೆಗೆ ಇಟ್ಟಿರೋ ನೀಲಿ ಲೈಟ್ ಸಂದೀಲಿ ನುಸುಳಿದ್ರೆ, ಎಲ್ಲದಕ್ಕೂ ತಕರಾರು ತೆಗೆಯುತ್ತೆ. ಹಾಗಾಗಿ ಹೊಸದು 71 ಹಳೇದು 67 ಅಂದ್ರೆ ಯಾರು ಸುಳ್ಳು ಹೇಳ್ತಿದಾರೆ ಅಂತ ಒಂದೇಟಿಗೆ ಹೇಳಕ್ಕಾಗಲ್ಲ. ನಾವು ನೋಡೋದು ಬೇರೆ, ಮಗು ಅತ್ತಾಗ, ಉಸಿರು ಒಂದು ಕ್ಷಣ ನಿಂತಾಗ ಎರಡೂ ಒಟ್ಟಿಗೇ ಇಳಿದ್ವಾ, ಒಟ್ಟಿಗೇ ಏರಿದ್ವಾ, ವ್ಯತ್ಯಾಸ ಯಾವಾಗ್ಲೂ ಅದೇ ನಾಲ್ಕು ಪಾಯಿಂಟಾ ಅಥವಾ ಕೆಳಗೆ ಹೋದಷ್ಟೂ ಹಿಗ್ಗುತ್ತಾ. ಕೆಳಗೆ ಹೋದಾಗ ಹಿಗ್ಗೋ ಸೆನ್ಸರ್ ಅಪಾಯ, ಯಾಕಂದ್ರೆ ಕೆಳಗೆ ಹೋದಾಗಲೇ ತಾನೇ ಅದರ ಅಗತ್ಯ ಇರೋದು.

ಚರ್ಮದ ಬಣ್ಣದ ವಿಷಯಾನೂ ಹೇಳ್ಬಿಡ್ತೀನಿ, ನಮ್ಮೋರು ಕೇಳೋದೇ ಇಲ್ಲ ಇದನ್ನ. 2020ರಲ್ಲಿ ಅಮೆರಿಕದಲ್ಲೇ ಬಂದ ಒಂದು ವರದಿ ಪ್ರಕಾರ ಬೆರಳಿನ ಪಲ್ಸ್ ಆಕ್ಸಿಮೀಟರ್ 92ರಿಂದ 96 ಅಂತ ಚೆನ್ನಾಗೇ ತೋರಿಸ್ತಿದ್ದಾಗಲೂ ರಕ್ತ ತೆಗೆದು ನೋಡಿದ್ರೆ 88ಕ್ಕಿಂತ ಕೆಳಗಿದ್ದಿದ್ದು ಬಿಳಿ ಚರ್ಮದವರಲ್ಲಿ 3.6 ಪರ್ಸೆಂಟ್, ಕಪ್ಪು ಜನರಲ್ಲಿ 11.7 ಪರ್ಸೆಂಟ್. ಮೂರು ಪಟ್ಟು! ಅಷ್ಟು ವರ್ಷದಿಂದ ದಿನಾ ಬಳಸ್ತಿದ್ದ ಸಾಧನ ಅದು. ಬೆಳಕಿನ ಮೇಲೆ ನಡೆಯೋ ಯಾವ ಸೆನ್ಸರ್‌ಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಅದಕ್ಕೇ ಬರೀ ಬೆಳ್ಳಗಿನ ಮಕ್ಕಳ ಮೇಲೆ ಟೆಸ್ಟ್ ಮಾಡಿ ಪಾಸ್ ಅಂದ್ರೆ ನನಗೆ ಒಪ್ಪಿಗೆ ಇಲ್ಲ, ನಮ್ಮ ಎಣ್ಣೆಗೆಂಪು ಗೋಧಿಬಣ್ಣದ ಮಕ್ಕಳೂ ಆ ಲೆಕ್ಕದಲ್ಲಿ ಇರಬೇಕು. ನಿಮ್ಮ ಮೊಮ್ಮಗ ಸೇರಿದ್ರೆ ಒಂದು ಹಾಗಿನ ಮಗು ಸೇರಿದ ಹಾಗಾಯ್ತು. ಹಾಗಂತ ಅದೊಂದೇ ಕಾರಣಕ್ಕೆ ಸೈನ್ ಹಾಕಿ ಅಂತ ನಾನು ಹೇಳ್ತಿಲ್ಲ.

ವೈರ್ ತೆಗೆದ್ರೆ ಏನು ಬದಲಾಗುತ್ತೆ ಈಗ ನೋಡೋಣ. ಶಿಕಾಗೋ ಹತ್ರದ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯ ಜಾನ್ ರಾಜರ್ಸ್ ಅವರ ತಂಡ 2019ರಲ್ಲಿ ಎನ್‌ಐಸಿಯು ಮಕ್ಕಳ ಎದೆಗೊಂದು ಕಾಲಿಗೊಂದು ತೆಳ್ಳನೆ ಪ್ಯಾಚ್ ಅಂಟಿಸಿ ಹೃದಯ ಬಡಿತ, ಆಕ್ಸಿಜನ್, ಟೆಂಪರೇಚರ್ ಎಲ್ಲಾ ವೈರಿಲ್ಲದೆ ತೆಗೆದು ತೋರಿಸಿದ್ರು, ಅದ್ರಲ್ಲಿ ಬ್ಯಾಟರೀನೂ ಇರಲಿಲ್ಲ, ಹತ್ತಿರ ಇಟ್ಟ ಆಂಟೆನಾದಿಂದಾನೇ ಕರೆಂಟ್ ಹೋಗ್ತಿತ್ತು. ಆದ್ರೆ ಆಂಟೆನಾ ಬಿಟ್ಟು ದೂರ ಹೋದ್ರೆ ಪ್ಯಾಚ್ ಸುಮ್ಮನಾಗುತ್ತೆ, ಹಾಗಾಗಿ ಮುಂದಿನ ವರ್ಷ ಬ್ಯಾಟರಿ ಇರೋದು ಬಂತು. ಅದೇ 2020ರಲ್ಲೇ ಮಕ್ಕಳ ಮೆದುಳಿನ ಆಕ್ಸಿಜನ್ ನೋಡೋ ವೈರ್‌ಲೆಸ್ ಪ್ಯಾಚ್ ಬಗ್ಗೇನೂ ಅವರ ಕಡೆಯಿಂದ ಪೇಪರ್ ಬಂತು. ನಿಮ್ಮ ಮಗನ ಆಸ್ಪತ್ರೇಲಿ ಇರೋದು ಅದೇನಾ ಬೇರೇನಾ ನಂಗೆ ಬೇಡ, ಟೆಸ್ಟ್ ಮಾಡಬೇಕಾದ ವಿಷಯ ಎಲ್ಲದಕ್ಕೂ ಒಂದೇ.

ಒಂದು, ಚರ್ಮ. 28 ವಾರದ ಕೂಸಿನ ಚರ್ಮ ನೆನೆದ ಈರುಳ್ಳಿ ಸಿಪ್ಪೆ ಥರ, ಅಂಟು ಜೋರಾದ್ರೆ ಕೀಳುವಾಗ ಚರ್ಮಾನೇ ಎದ್ದು ಬರುತ್ತೆ, ಮೆತ್ತಗಾದ್ರೆ ಇನ್‌ಕ್ಯುಬೇಟರ್ ಒಳಗಿನ ತೇವಕ್ಕೆ ಜಾರಿ ಬೀಳುತ್ತೆ. ವೈರ್ ಸೆನ್ಸರ್‌ಗೂ ಇದೇ ಕಷ್ಟ ಇದೆ, ಜೊತೆಗೆ ವೈರ್ ಎಳೀತಾ ಇರುತ್ತೆ. ವೈರ್‌ಲೆಸ್‌ನಲ್ಲಿ ಎಳೆತ ಇಲ್ಲ ಆದ್ರೆ ಬ್ಯಾಟರಿ ತೂಕ, ಬ್ಯಾಟರಿ ಬಿಸಿ ಇದೆ. ಬೆಳಕಿನಿಂದ ಏನಾಗುತ್ತೆ ಅಂತ ಎಲ್ಲರೂ ಕೇಳ್ತಾರೆ, ಎಕ್ಸ್‌ರೇ ಥರದ್ದಲ್ಲ ಅದು, ಬ್ಲೂಟೂತ್‌ನ ಶಕ್ತೀನೂ ನೀವು ವಿಡಿಯೋ ಕಾಲ್ ಮಾಡೋ ಫೋನಿಗಿಂತ ತುಂಬಾ ಕಮ್ಮಿ. ನಾನು ನೋಡೋದು ಬಿಸಿ. ಒಂದೇ ಜಾಗದಲ್ಲಿ ಗಂಟೆಗಟ್ಟಲೆ ಬಿಸಿ ಕೂತ್ರೆ ಸಾಕು, ಕೆಂಪಾಗುತ್ತೆ. ನಾಲ್ಕು ಗಂಟೆ ಅಂದ್ರಲ್ಲ, ನಡುವೆ ಎಷ್ಟು ಸಲ ಎತ್ತಿ ಚರ್ಮ ನೋಡ್ತಾರೆ ಅಂತ ಕೇಳಿ. ನೆತ್ತಿ ಬಗ್ಗೆ ಹೆದರಬೇಡಿ, ಇದು ಅಂಟಿಸೋದು ಹಣೆ ಪಕ್ಕಕ್ಕೆ, ಕೂದಲಿಲ್ಲದ ಜಾಗಕ್ಕೆ. ನೆತ್ತಿ ಮೇಲಲ್ಲ.

ಇನ್ನೊಂದು, ಸಿಗ್ನಲ್. ಬ್ಲೂಟೂತೂ ವೈಫೈಯೂ ಓಡಾಡೋದು ಒಂದೇ ರಸ್ತೇಲಿ, 2.4 ಗಿಗಾಹರ್ಟ್ಸ್‌ನಲ್ಲಿ. ಎನ್‌ಐಸಿಯು ಅಂದ್ರೆ ಹತ್ತಿಪ್ಪತ್ತು ಬೆಡ್, ಪಂಪು, ಮಾನಿಟರು, ನರ್ಸ್‌ಗಳ ಫೋನು, ಸಂತೆ ದಿನದ ಬಸ್ ಸ್ಟ್ಯಾಂಡ್ ಇದ್ದ ಹಾಗೆ. ಲ್ಯಾಬಲ್ಲಿ ಒಂದು ಸೆಕೆಂಡೂ ತಪ್ಪದೇ ಬಂದ ಡೇಟಾ ವಾರ್ಡಿಗೆ ಹೋದ್ಮೇಲೆ ತೂತು ಬಿದ್ದ ಜರಡಿ ಆಗಿರುತ್ತೆ. ತೂತು ಬಿದ್ದಾಗ ಸ್ಕ್ರೀನ್ ಏನು ತೋರಿಸುತ್ತೆ ಅನ್ನೋದೇ ದೊಡ್ಡ ಪ್ರಶ್ನೆ. ಗೀಟು ಗೀಟು ತೋರಿಸಿದ್ರೆ ಸರಿ, ಗೊತ್ತಾಗುತ್ತೆ. ಹಳೇ 68ನ್ನೇ ಹಿಡ್ಕೊಂಡು ನಿಂತ್ಬಿಟ್ರೆ? ನರ್ಸ್ ನೋಡ್ತಾರೆ, ಚೆನ್ನಾಗಿದೆ ಅಂದ್ಕೊಳ್ತಾರೆ.

ನಮ್ದೇ ಒಂದು ಎಡವಟ್ಟು ಹೇಳ್ತೀನಿ. ಒಂದ್ಸಲ ಡಮ್ಮಿ ಗೊಂಬೆಗಳ ಮೇಲೆ ರಿಹರ್ಸಲ್ ಮಾಡ್ತಿದ್ವಿ, ಅವಳಿ ಮಕ್ಕಳು ಅಂತ ಎರಡು ಗೊಂಬೆ ಅಕ್ಕಪಕ್ಕ. ಬ್ಯಾಟರಿ ಬದಲಾಯಿಸೋ ಟೈಮಲ್ಲಿ ಎರಡೂ ಸೆನ್ಸರ್ ಒಟ್ಟಿಗೇ ಆಫ್ ಆಗಿ ಒಟ್ಟಿಗೇ ಆನ್ ಆದ್ವು, ಪೇರಿಂಗ್, ಅಂದ್ರೆ ಯಾವ ಸೆನ್ಸರ್ ಯಾವ ಸ್ಕ್ರೀನಿಗೆ ಅನ್ನೋ ಜೋಡಣೆ, ಅದಲು ಬದಲಾಯ್ತು, ಮೊದಲನೇ ಗೊಂಬೆ ನಂಬರ್ ಎರಡನೇದ್ರ ಸ್ಕ್ರೀನಲ್ಲಿ ಬರ್ತಿದೆ, ನಾಲ್ಕು ಜನ ಇಂಜಿನಿಯರ್‌ಗಳು ಎದುರಿಗೇ ನಿಂತಿದೀವಿ, ಇಪ್ಪತ್ತು ನಿಮಿಷ ಒಬ್ಬರಿಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಯಾರಿಗೆ, ಕಾಫಿ ಕೇಳೋಕೆ ಬಂದ ನರ್ಸ್ ಒಬ್ಬರಿಗೆ, ಅವರು ಗೊಂಬೆ ಹಣೆ ಮೇಲೆ ಬೆರಳಿಟ್ಟು ಒತ್ತಿ ಆ ಕಡೆ ಸ್ಕ್ರೀನ್ ಯಾಕೆ ಅಲ್ಲಾಡ್ತು ಅಂದ್ರು. ವೈರ್ ಇದ್ರೆ ಈ ತಪ್ಪು ಇಷ್ಟು ಸುಲಭಕ್ಕೆ ಆಗಲ್ಲ, ಕಣ್ಣಲ್ಲೇ ವೈರ್ ಹಿಡ್ಕೊಂಡು ಹೋದ್ರೆ ಯಾವ ಮಗುದು ಅಂತ ಗೊತ್ತಾಗುತ್ತೆ. ಅವತ್ತಿಂದ ಪೇರಿಂಗ್ ಆದ್ಮೇಲೆ ಮಗುವಿನ ಕೈಪಟ್ಟಿ ಸ್ಕ್ಯಾನ್ ಮಾಡದೇ ನಂಬರೇ ಬರಬಾರ್ದು ಅಂತ ನಾನು ಹಟ ಹಿಡಿದು ಬರೆಸ್ತೀನಿ.

ಸರಿ, ಸೆನ್ಸರ್ ಸರಿಯಾಗಿ ಅಂಟಿತು, ಸರಿಯಾದ ನಂಬರ್ ಬಂತು, ಸರಿಯಾದ ಸ್ಕ್ರೀನಿಗೇ ಬಂತು ಅಂತ ಇಟ್ಕೊಳ್ಳಿ. ಕೆಲಸ ಮುಗೀತಾ? ಇಲ್ಲಮ್ಮ. ನಂಬರ್ ಸರಿಯಾಗಿ ಬರೋದು ಬೇರೆ, ಆ ನಂಬರಿಂದ ಮಗೂಗೆ ಒಳ್ಳೇದಾಗೋದು ಬೇರೆ. ಪೇಪರ್‌ನಲ್ಲಿ ಹೊಸ ಸೆನ್ಸರ್ ಬಂತು ಅಂತ ಬರೆಯೋರು ಇದೆರಡನ್ನೂ ಒಂದೇ ಮಾಡಿ ಬರೀತಾರೆ, ನಂಗೆ ಸಿಟ್ಟು ಬರೋದು ಅಲ್ಲೇ.

ಆಗ ಹೇಳ್ತೀನಿ ಅಂದ್ನಲ್ಲ ಆ ಸ್ಟಡಿ, ಹೆಸರು ಸೇಫ್‌ಬೂಸ್ಕ್. ಡೆನ್ಮಾರ್ಕಿನ ಕೋಪನ್‌ಹೇಗನ್‌ನ ಗೋರ್ಮ್ ಗ್ರೈಸೆನ್ ಮತ್ತವರ ಜೊತೆಯವರು ನಡೆಸಿದ್ದು. 2015ರಲ್ಲಿ ಎರಡನೇ ಹಂತದ ಫಲಿತಾಂಶ ಬಂತು, 28 ವಾರ ತುಂಬದ 166 ಮಕ್ಕಳು, ಅರ್ಧ ಮಕ್ಕಳಿಗೆ ಡಾಕ್ಟರ್ ತಲೆ ಸೆನ್ಸರ್ ನೋಡ್ಕೊಂಡು ಚಿಕಿತ್ಸೆ ಕೊಡ್ತಾರೆ, ಇನ್ನರ್ಧಕ್ಕೆ ಸೆನ್ಸರ್ ಇದ್ರೂ ನಂಬರ್ ಮುಚ್ಚಿಟ್ಟಿರ್ತಾರೆ. ಮೊದಲ ಮೂರು ದಿನ. ಆ 55-85ರ ಗೆರೆ ಆಚೆ ಎಷ್ಟು ಹೊತ್ತು, ಎಷ್ಟು ದೂರ ಹೋದ್ರು ಅಂತ ಲೆಕ್ಕ ಹಾಕಿದ್ರೆ ನಂಬರ್ ನೋಡಿದ ಗುಂಪಲ್ಲಿ ಶೇಕಡಾ 58ರಷ್ಟು ಕಮ್ಮಿ! ನಮ್ಮ ಲೈನಿನವರೆಲ್ಲಾ ಹಬ್ಬ ಮಾಡಿದ್ವಿ. ಮೆದುಳಿಗೆ ಆಕ್ಸಿಜನ್ ಸರಿಯಾಗಿದ್ರೆ ಮಗು ಚೆನ್ನಾಗಿರಲೇಬೇಕಲ್ಲ ಅಂತ.

ಆಮೇಲೆ ಮೂರನೇ ಹಂತ. 17 ದೇಶ, 70 ಆಸ್ಪತ್ರೆ, 1,601 ಮಕ್ಕಳು. ಈ ಸಲ ಕೇಳಿದ್ದು ನೇರ ಪ್ರಶ್ನೆ, ಮಗು ಬದುಕ್ತಾ, ಮೆದುಳಿಗೆ ದೊಡ್ಡ ಪೆಟ್ಟು ಬಿತ್ತಾ. 2023ರಲ್ಲಿ ಉತ್ತರ ಬಂತು. ತಲೆ ಸೆನ್ಸರ್ ನೋಡಿ ಚಿಕಿತ್ಸೆ ಕೊಟ್ಟ ಗುಂಪಲ್ಲಿ ಸಾವು ಅಥವಾ ದೊಡ್ಡ ಪೆಟ್ಟು ಶೇಕಡಾ 35.2, ಮಾಮೂಲಿ ಗುಂಪಲ್ಲಿ 34.0. ಅಂದ್ರೆ ಏನೂ ವ್ಯತ್ಯಾಸ ಇಲ್ಲ. ಅದೇ ವರ್ಷ ಆಸ್ಟ್ರಿಯಾದ ಗ್ರಾಝ್‌ನವರ ನೇತೃತ್ವದಲ್ಲಿ ಇನ್ನೊಂದು ಬಂತು, 32 ವಾರದೊಳಗಿನ 607 ಮಕ್ಕಳು, ಹುಟ್ಟಿದ ಮೊದಲ 15 ನಿಮಿಷ ಮಾತ್ರ ತಲೆ ಸೆನ್ಸರ್ ನೋಡೋದು. ಮೆದುಳಿಗೆ ಪೆಟ್ಟಿಲ್ಲದೆ ಉಳಿದವರು 82.9 ಪರ್ಸೆಂಟ್, ಇನ್ನೊಂದು ಗುಂಪಲ್ಲಿ 78.5. ಸ್ವಲ್ಪ ಆಸೆ ಹುಟ್ಟಿಸೋ ಅಂತರ, ಆದ್ರೆ ಅಕಸ್ಮಾತ್ತಾಗೂ ಬರಬಹುದಾದಷ್ಟೇ ಅಂತರ, ಹಾಗಾಗಿ ಸಾಬೀತಾಯ್ತು ಅಂತ ಹೇಳಕ್ಕಾಗಲ್ಲ.

ಇದ್ರಿಂದ ಸೆನ್ಸರ್ ದಂಡ ಅಂತ ನಾನು ಹೇಳಲ್ಲ. ಹೃದಯದ ಆಪರೇಷನ್ ಆಗೋ ಮಕ್ಕಳಲ್ಲಿ, ಆಕ್ಸಿಜನ್ ಸಾಲದೇ ಹುಟ್ಟಿದ ಮಕ್ಕಳಲ್ಲಿ ಡಾಕ್ಟರ್‌ಗಳು ಇದನ್ನ ನೋಡ್ತಾನೇ ಇದಾರೆ, ಅವರ ಕಣ್ಣಿಗೆ ಅದು ಇನ್ನೊಂದು ಕಿಟಕಿ. ಆದ್ರೆ ಹೊಸ ಯಂತ್ರ ಬಂದ ತಕ್ಷಣ ನಮ್ಮ ಮಗೂಗೆ ಅದು ಹಾಕಿಲ್ಲ, ಅನ್ಯಾಯ ಆಯ್ತು ಅಂತ ಕೊರಗೋದು ಬೇಡ. ಒಳ್ಳೇದೇ ಆಗುತ್ತೆ ಅಂತ ಅಂದ್ಕೊಂಡಿದ್ದು ಉಲ್ಟಾ ಹೊಡೆದಿದ್ದೂ ಉಂಟು, ಅದೂ ನಮ್ಮೂರಲ್ಲೇ. ಹುಟ್ಟುವಾಗ ಉಸಿರು ಕಟ್ಟಿದ ಮಕ್ಕಳನ್ನ ಮೂರು ದಿನ 33.5 ಡಿಗ್ರಿಗೆ ತಣ್ಣಗೆ ಇಡೋ ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ ಜೀವ ಉಳಿಸಿತ್ತು, ಅದನ್ನೇ ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 408 ಮಕ್ಕಳಲ್ಲಿ ಹೀಲಿಕ್ಸ್ ಅನ್ನೋ ಹೆಸರಲ್ಲಿ ಟೆಸ್ಟ್ ಮಾಡಿದ್ರು, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೇನೂ ಅದ್ರಲ್ಲಿತ್ತು. 2021ರಲ್ಲಿ ನೋಡಿದ್ರೆ ತಣ್ಣಗೆ ಇಟ್ಟ ಗುಂಪಲ್ಲಿ 42 ಪರ್ಸೆಂಟ್ ಮಕ್ಕಳು ಹೋಗಿದ್ರು, ಇಡದ ಗುಂಪಲ್ಲಿ 31. ಟೆಸ್ಟ್ ಮಾಡದೇ ಸುಮ್ನೆ ಎಲ್ಲಾ ಕಡೆ ಶುರು ಮಾಡಿದ್ದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ. ಪ್ರಯೋಗ ಅಂದ್ರೆ ಹೆದರ್ತೀರಲ್ಲ ಅಮ್ಮ, ನಂಗೆ ಭಯ ಆಗೋದು ಪ್ರಯೋಗ ಅಂತ ಹೇಳದೇ ಮಾಡೋ ಪ್ರಯೋಗಕ್ಕೆ.

ಹಾಗಾದ್ರೆ ವೈರ್‌ಲೆಸ್ ಯಾಕೆ ಬೇಕು, ವೈರ್ ಇರೋದೇ ಮೂರನೇ ಹಂತದಲ್ಲಿ ಏನೂ ತೋರಿಸಲಿಲ್ಲ ಅಂದ್ಮೇಲೆ? ನನ್ನ ಲೆಕ್ಕದಲ್ಲಿ ವೈರ್‌ಲೆಸ್‌ನ ಅಸಲಿ ಲಾಭ ಮೆದುಳಿನ ನಂಬರಲ್ಲಿ ಇಲ್ಲವೇ ಇಲ್ಲ, ನಿಮ್ಮ ಸೊಸೆ ಎದೆ ಮೇಲಿದೆ. ಕಾಂಗರೂ ಕೇರ್ ಅಂತಾರಲ್ಲ, ಬಟ್ಟೆ ಇಲ್ಲದೆ ಕೂಸನ್ನ ತಾಯಿ ಎದೆಗೆ ಕವುಚಿ ಮಲಗಿಸೋದು, 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೇ ಶುರು ಮಾಡಿದ್ದು. ಡಬ್ಲ್ಯುಎಚ್‌ಒ ಇದನ್ನ ಭಾರತ ಮತ್ತೆ ಆಫ್ರಿಕಾದ ನಾಲ್ಕು ದೇಶದಲ್ಲಿ 1 ಕೆಜಿಯಿಂದ 1.8 ಕೆಜಿ ಒಳಗಿನ 3,211 ಮಕ್ಕಳ ಮೇಲೆ ಟೆಸ್ಟ್ ಮಾಡ್ತು, ಮಗು ಸ್ಥಿರ ಆಗಲಿ ಅಂತ ಕಾಯದೇ ಹುಟ್ಟಿದ ತಕ್ಷಣದಿಂದಾನೇ ಎದೆಗೆ ಹಾಕಿದ್ರೆ 28 ದಿನದೊಳಗೆ ಸಾವು 12.0 ಪರ್ಸೆಂಟ್, ಕಾದು ಹಾಕಿದ್ರೆ 15.7. ಯಾವ ಸೆನ್ಸರೂ ಇಷ್ಟು ಮಾಡಿ ತೋರಿಸಿಲ್ಲ, ಸೆನ್ಸರಿಂದಾನೇ ಹೊಟ್ಟೆ ಹೊರೆಯೋ ನಾನೇ ಹೇಳ್ತಿದೀನಿ.

ಈಗ ಎನ್‌ಐಸಿಯುನಲ್ಲಿ ಕೂಸನ್ನ ಎದೆಗೆ ಹಾಕೋದು ಹೇಗಿರುತ್ತೆ ನೋಡಿದೀರಾ? ಎದೆಗೆ ಮೂರು ವೈರು, ಕಾಲಿಗೊಂದು, ಹೊಟ್ಟೆ ಮೇಲೆ ಟೆಂಪರೇಚರ್‌ದೊಂದು, ಹಣೆಗೊಂದು, ಮೂಗಿಗೆ ಉಸಿರಿನ ಪೈಪು, ಬಾಯಿಗೆ ಹಾಲಿನ ಪೈಪು. ಒಬ್ಬ ನರ್ಸ್ ಮಗು ಹಿಡೀತಾರೆ, ಇನ್ನೊಬ್ಬರು ವೈರಿನ ಗೊಂಚಲು ಹಿಡ್ಕೊಂಡು ಪಲ್ಲಕ್ಕಿ ಹಿಂದೆ ನಡೆದ ಹಾಗೆ ಬರ್ತಾರೆ, ಒಂದು ವೈರ್ ಕಿತ್ಕೊಂಡ್ರೆ ಅಲಾರಂ ಕುಯ್ಯೋ ಅನ್ನುತ್ತೆ, ತಾಯಿ ಎದೆ ಡವಡವ ಅನ್ನುತ್ತೆ, ಬೇಡ ಸಿಸ್ಟರ್ ವಾಪಸ್ ಮಲಗಿಸಿ ಅಂತಾಳೆ. ಹೀಗೆ ಎಷ್ಟೋ ತಾಯಂದಿರು ಮುಟ್ಟೋಕೇ ಹೆದರ್ತಾರೆ. ಐದಾರು ವೈರ್ ಹೋದ್ರೆ ಆ ಹೆದರಿಕೆ ಒಂಚೂರು ಕಮ್ಮಿ ಆಗುತ್ತೆ. ಉಸಿರಿನ ಪೈಪು, ಡ್ರಿಪ್ ಲೈನ್ ಇದ್ರೆ ಅವು ಇರ್ತಾವೆ, ಅದನ್ಯಾವ ಬ್ಲೂಟೂತೂ ತೆಗೆಯಲ್ಲ, ಜಾಹೀರಾತಲ್ಲಿ ತೋರಿಸೋ ಹಾಗೆ ಕೂಸು ಪೂರ್ತಿ ಬಿಡುಗಡೆ ಆಗಲ್ಲ. ಆದ್ರೂ ವೈರ್‌ಲೆಸ್ ಟೆಸ್ಟ್ ಅಂದ್ರೆ ನಂಬರ್ ಹೊಂದಿಕೆ ಆಯ್ತಾ ಅಂತ ಮಾತ್ರ ನೋಡಿ ಬಿಡೋದಲ್ಲ, ಇದ್ರಿಂದ ತಾಯಿ ದಿನಕ್ಕೆ ಎಷ್ಟು ಗಂಟೆ ಜಾಸ್ತಿ ಎತ್ಕೊಂಡ್ಳು ಅಂತ ಬರ್ಕೊಳ್ಳಿ ಅಂತ ನಾನು ಪ್ರತಿ ಮೀಟಿಂಗ್‌ನಲ್ಲೂ ಜಗಳ ಆಡ್ತೀನಿ. ಅಪರೂಪಕ್ಕೆ ಕೇಳ್ತಾರೆ.

ನಿಮ್ಮ ಮಗನಿಗೆ ಇಷ್ಟು ಕೇಳೋಕೆ ಹೇಳಿ. ಚಿಕಿತ್ಸೆ ಹಳೇ ಮಾನಿಟರ್ ನೋಡೇ ನಡೆಯುತ್ತಾ? ಅಂಟಿಸೋದು ಕೀಳೋದು ದಿನಾ ಮಗು ನೋಡ್ಕೊಳ್ಳೋ ನರ್ಸಾ ಅಥವಾ ಸ್ಟಡಿಯವರಾ, ಮಗು ನಿದ್ದೆ ಕೆಡಿಸಿ ಮಾಡ್ತಾರಾ ಅಥವಾ ಹೇಗೂ ಡೈಪರ್ ಬದಲಿಸೋ ಟೈಮಲ್ಲೇ ಮಾಡ್ತಾರಾ? ಚರ್ಮ ಕೆಂಪಾದ್ರೆ ಯಾವಾಗ ನಿಲ್ಲಿಸ್ತಾರೆ? ಆ ನಾಲ್ಕು ಗಂಟೇಲಿ ಸೊಸೆ ಎತ್ಕೊಳ್ಳೋ ಟೈಮ್ ಬಂದ್ರೆ ಬೇಡ ಅಂತಾರಾ, ಎತ್ಕೊಳ್ಳಿ ಅಂತಾರಾ? ಬೇಡ ಅಂದ್ರೆ ನಾನಾದ್ರೆ ಸೈನ್ ಹಾಕಲ್ಲ. ನಡುವೆ ಮನಸ್ಸು ಬದಲಾದ್ರೆ ತೆಗೆಸಬಹುದಾ? ತೆಗೆಸಬಹುದು, ಅದ್ರಿಂದ ಚಿಕಿತ್ಸೆಗೆ ಏನೂ ತೊಂದ್ರೆ ಆಗಬಾರ್ದು, ಫಾರಂನಲ್ಲಿ ಅದನ್ನ ಬರೆದಿರ್ತಾರೆ, ಓದಿಸ್ಕೊಳ್ಳಿ. ಆಸ್ಪತ್ರೆಯ ನೈತಿಕ ಸಮಿತಿ ಒಪ್ಪಿದ ಮೇಲೇ ಇಂಥ ಫಾರಂ ಆಚೆ ಬರೋದು, ಅವರ ಫೋನ್ ನಂಬರೂ ಅದ್ರಲ್ಲೇ ಇರುತ್ತೆ. ಇದಕ್ಕೆಲ್ಲಾ ಸಮಾಧಾನದ ಉತ್ತರ ಬಂದ್ರೆ, ಹಳೇದ್ರ ಪಕ್ಕ ಹೊಸದನ್ನ ಇಟ್ಟು ನೋಡೋ ಈ ಥರದ ಸ್ಟಡಿಗೆ ನನ್ನ ಮಗು ಆಗಿದ್ರೂ ನಾನು ಸೈನ್ ಹಾಕ್ತಿದ್ದೆ. ಇದ್ರಿಂದ ಮೊಮ್ಮಗನಿಗೆ ನೇರ ಲಾಭ ಏನೂ ಇಲ್ಲ ಅನ್ನೋದು ಗೊತ್ತಿದ್ದೇ ಹಾಕಬೇಕು. ಬೇಡ ಅನ್ನಿಸಿದ್ರೆ ಬೇಡ, ಅದಕ್ಕೆ ಯಾರ ಹತ್ರಾನೂ ಕಾರಣ ಹೇಳಬೇಕಾಗಿಲ್ಲ.

ಕೊನೇದು ನಿಮಗೇ. ಮುಂದಿನ ತಿಂಗಳು ಹೋಗುವಾಗ ಬ್ಯಾಗಲ್ಲಿ ಹರಳೆಣ್ಣೆ, ಕಾಡಿಗೆ ಡಬ್ಬಿ ಎರಡೂ ಇರುತ್ತೆ ಅಂತ ಗೊತ್ತು, ನಮ್ಮಮ್ಮನೂ ಹಾಗೇ. ಎಣ್ಣೆ ಹಣೆಗಿಳಿದ್ರೆ ಸೆನ್ಸರ್ ಅಂಟಲ್ಲ, ನರ್ಸ್‌ನ ಕೇಳದೇ ಹಚ್ಚಬೇಡಿ. ದೃಷ್ಟಿ ಬೊಟ್ಟು ಅಂತೂ ಹಣೆಗೆ ಇಡಲೇಬೇಡಿ, ಕಾಡಿಗೆಯ ಮಸಿ ಇನ್‌ಫ್ರಾರೆಡ್ ಬೆಳಕನ್ನ ಗಟಗಟ ಕುಡಿದುಬಿಡುತ್ತೆ, ಸೆನ್ಸರ್ ಏನೇನೋ ನಂಬರ್ ಹೇಳಿ ಇಡೀ ವಾರ್ಡ್ ಓಡಿ ಬರುತ್ತೆ. ಅಂಗಾಲಿಗೆ ಇಡ್ತೀನಿ ಅನ್ನಬೇಡಿ, ಅಲ್ಲಿ ಪಲ್ಸ್ ಆಕ್ಸಿಮೀಟರ್ ಕಟ್ಟಿರ್ತಾರೆ. ಇಡಲೇಬೇಕು ಅಂದ್ರೆ ಇನ್‌ಕ್ಯುಬೇಟರ್ ಹೊರಗೆ ಮಗುವಿನ ಹೆಸರು ಬರೆದ ಕಾರ್ಡ್ ಇರುತ್ತಲ್ಲ, ಅದರ ಮೂಲೇಲಿ ಒಂದು ಇಟ್ಬಿಡಿ.